ಕಂಬದ ಮರೆಯಲ್ಲಿ ನಿಂತವರು

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಲಕ್ಷ್ಮೀದೇವಿ ಮಾಡುವ ಮೊದಲ ಕೆಲಸ, ಗಿರಿಜಕ್ಕನ ಮೇಲೆ ಒಂದು ಹಳೆಯ ಟವೆಲ್ ಹೊದಿಸುವುದು. ಆಮೇಲೆಯೇ ಪೊರಕೆ ಹಿಡಿಯುವುದು. ಗಿರಿಜಕ್ಕ ಎಂದರೆ ಆಳೆತ್ತರದ ಒಂದು ಪರದೆ. ಅದರೊಳಗೆ ಹಸಿರು ಸೀರೆ ಉಟ್ಟು, ತುರುಬು ಕಟ್ಟಿ, ಕೈಜೋಡಿಸಿ ನಿಂತ ಹೆಂಗಸಿನ ಚಿತ್ರ. ಯಾರಾದರೂ ಎದುರು ಸುಳಿದರೆ ಸಾಕು, ಚಿತ್ರ ಕಣ್ಣು ಬಿಟ್ಟು ಮಾತಾಡುತ್ತದೆ: "ನಮಸ್ಕಾರ. ನಾಡಬದುಕು ಸಂಗ್ರಹಾಲಯಕ್ಕೆ ತಮಗೆ ಆದರದ ಸ್ವಾಗತ. ತಾವು ಏನನ್ನು ತಿಳಿಯಬಯಸುತ್ತೀರಿ?" ಕಸ ಗುಡಿಸುವವಳಿಗೂ ಅದೇ ಆದರ. ಬೆನ್ನ ಹಿಂದೆ ನಿಂತು ಮಾತಾಡಿಸುವ ವಸ್ತುವನ್ನು ಲಕ್ಷ್ಮೀದೇವಿ ನಂಬುವುದಿಲ್ಲ. ಟವೆಲ್ ಹೊದಿಸಿದರೆ ಅದು ಸುಮ್ಮನಿರುತ್ತದೆ.

ನ್ಯಾಮತಿಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ನಿಂತುಹೋದ ಅಕ್ಕಿ ಗಿರಣಿಯೊಂದರಲ್ಲಿ ಈ ಸಂಗ್ರಹಾಲಯವಿದೆ. ನಡೆಸುವುದು ಊರಿನ ಒಂದು ಟ್ರಸ್ಟು. ಕೂರಿಗೆ, ಕೊಳಗ, ಬೀಸುವ ಕಲ್ಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಗಾಡಿಯ ಗಾಲಿ, ತೊಟ್ಟಿಲು: ಮನೆಗಳ ಅಟ್ಟ ಖಾಲಿಯಾದಂತೆಲ್ಲ ಇಲ್ಲಿ ತುಂಬುತ್ತಾ ಬಂದಿವೆ. ಲಕ್ಷ್ಮೀದೇವಿ ಇಲ್ಲಿನ ಸಹಾಯಕಿ. ಗುಡಿಸುವುದು, ಗಾಜು ಒರೆಸುವುದು, ಮಕ್ಕಳು ಕೂರಿಗೆ ಮೇಲೆ ಹತ್ತದಂತೆ ನೋಡಿಕೊಳ್ಳುವುದು ಎಲ್ಲ ಅವರ ಪಾಲಿಗೆ. ಐವತ್ತರ ಆಸುಪಾಸು. ಸೀರೆಯ ಮೇಲೆ ಟ್ರಸ್ಟು ಕೊಟ್ಟ ನೀಲಿ ಕೋಟು.

ಗಿರಿಜಕ್ಕ ಬಂದದ್ದು ಹೋದ ವರ್ಷ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರವೆಂದು ಪೇಪರಿನಲ್ಲಿ ಬಂದ ಮೇಲೆ ಹೊನ್ನಾಳಿ, ಚನ್ನಗಿರಿ ಕಡೆಯಿಂದಲೂ ಜನ ಬಂದರು. ಸಂತೇಬೆನ್ನೂರಿನಿಂದ ಬಂದ ಒಬ್ಬ ಯಜಮಾನರು ಪರದೆಯೆದುರು ನಿಂತು, "ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋತವ್ವಾ?" ಎಂದು ಕೇಳಿದರು. ಅಡಿಕೆ ಬೆಳೆ ಈ ನಾಡಿಗೆ ಎಂದು ಬಂತು, ಎಲ್ಲಿಂದ ಬಂತು ಎಂದು ಗಿರಿಜಕ್ಕ ಶುರುಮಾಡಿತು. ಯಜಮಾನರು ಕೊನೆಯತನಕ ಕೇಳಿಸಿಕೊಂಡು, "ಕೇಳಿದ್ದೊಂದು, ಹೇಳಿದ್ದೊಂದು. ನಮ್ಮನಿಯಾಕೆ ತಂಗಿ ಇದ್ದಂಗೈತಲ್ಲೋ ಇದು" ಎಂದು ಹೊರಟರು. ಲಕ್ಷ್ಮೀದೇವಿ ಆ ಯಂತ್ರದ ಮುಂದೆ ನಕ್ಕದ್ದು ಅದೊಂದು ಸಲ.

ಮಾತಾಡುವ ಯಂತ್ರಕ್ಕಿಂತ ಅವರಿಗೆ ಹೆಚ್ಚು ಅನುಮಾನವಿದ್ದದ್ದು ಮಾತಾಡದ ಯಂತ್ರಗಳ ಮೇಲೆ. ಗಿರಿಜಕ್ಕನ ಜೊತೆಗೇ ಗಿರಣಿಯ ಜಂತಿಗಳಿಗೆ ಬಿಳಿ ಬೋಗುಣಿಯಂಥ ಕ್ಯಾಮೆರಾಗಳು ಬಂದಿದ್ದವು. ಬಂದವರು ಯಾವ ವಸ್ತುವಿನ ಮುಂದೆ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅವು ತಾವಾಗಿಯೇ ನೋಡಿಕೊಳ್ಳುತ್ತವೆ ಎಂದು ದಾವಣಗೆರೆಯ ಕಂಪನಿಯಿಂದ ಬಂದ ಪ್ರದೀಪ್ ವಿವರಿಸಿದ್ದ. ಜನಕ್ಕೆ ಏನು ಹಿಡಿಸುತ್ತದೆ ಎಂದು ತಿಳಿದರೆ ಅದನ್ನು ಮುಂದಿಡಬಹುದು, ಹಿಡಿಸದ್ದನ್ನು ಒಳಗಿಡಬಹುದು. ಕ್ಯಾಮೆರಾ ಕೂರಿಸುವ ದಿನ ಅವನ ಲ್ಯಾಪ್‌ಟಾಪಿನ ಎದುರು, ಅವನ ಬೆನ್ನ ಹಿಂದೆ, ಲಕ್ಷ್ಮೀದೇವಿ ನೀರಿನ ಲೋಟ ಹಿಡಿದು ನಿಂತಿದ್ದರು. ಪರದೆಯ ಮೇಲೆ ಇಡೀ ಹಜಾರ ಕಾಣುತ್ತಿತ್ತು. ಮೂಲೆಯಲ್ಲಿ ನಿಂತ ಹೆಂಗಸೊಬ್ಬರ ಮೂಗುಬೊಟ್ಟು ಕೂಡ.

"ಇದೇನು ಸಾರ್, ಮುಖ ಕಾಣ್ತಾವೆ?"

"ಇದು ಟೆಸ್ಟಿಂಗ್ ಅಮ್ಮ. ಆಮೇಲೆ ಬರೀ ಚುಕ್ಕಿ ಕಾಣೋದು. ಮನುಷ್ಯರ ಬದಲಿಗೆ ಚುಕ್ಕಿ."

"ಮುಖ ಎಲ್ಲಿಗೆ ಹೋಗ್ತಾವೆ ಮತ್ತೆ?"

"ಎಲ್ಲಿಗೂ ಹೋಗಲ್ಲ. ನೋಡುತ್ತೆ, ಇಟ್ಕೊಳಲ್ಲ."

ಪ್ರದೀಪ್ ಸುಳ್ಳು ಹೇಳುವವನಂತೆ ಕಾಣಲಿಲ್ಲ. ಆದರೂ ನೋಡಿದ್ದನ್ನು ಇಟ್ಟುಕೊಳ್ಳದವರನ್ನು ಲಕ್ಷ್ಮೀದೇವಿ ತಮ್ಮ ಬದುಕಿನಲ್ಲಿ ಕಂಡಿರಲಿಲ್ಲ. ಅಂದು ಪರದೆಯ ಮೂಲೆಯಲ್ಲಿ ಕಂಡ ಮೂಗುಬೊಟ್ಟು ಶಂಕ್ರಮ್ಮನವರದು. ಅದು ಯಾರ ಕಣ್ಣಿಗೂ ಬೀಳಬಾರದಿತ್ತು.

ಶಂಕ್ರಮ್ಮ ನಿಂತಿದ್ದದ್ದು ಅಮ್ಮನ, ಎಂದರೆ ದೇವಿಯ, ಪೆಟ್ಟಿಗೆಯ ಹತ್ತಿರ. ಹಜಾರದ ಕೊನೆಯಲ್ಲಿ, ಗಿರಣಿಯ ದಪ್ಪನೆಯ ಮರದ ಕಂಬದ ಪಕ್ಕ, ಗಾಜಿನೊಳಗೆ ಇರುವ ಆ ಪೆಟ್ಟಿಗೆ ಲಕ್ಷ್ಮೀದೇವಿಯ ಗಂಡನ ಮನೆಯದು. ಎರಡು ಪುಟ್ಟ ಬಾಗಿಲು, ಒಳಗೆ ಮಸುಕಾದ ಕನ್ನಡಿ, ನವಿಲುಗರಿ, ಹಿತ್ತಾಳೆಯ ಮುಖ. ಅವರ ಅತ್ತೆ ಅಂತರಘಟ್ಟಮ್ಮ ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಸುಗ್ಗಿ ಬಂತೆಂದರೆ ಈ ಪೆಟ್ಟಿಗೆ ಹೊತ್ತು ಸುತ್ತಲ ಊರುಗಳ ಕಣದಿಂದ ಕಣಕ್ಕೆ ನಡೆಯುತ್ತಿದ್ದರು. ಕಣದ ಅಂಚಿನಲ್ಲಿ ಇಳಿಸಿದರೆ ರೈತರ ಮನೆಯ ಹೆಂಗಸರು ದೂರದಿಂದಲೇ ಮೊರದ ತುಂಬ ಜೋಳ ಸುರಿಯುತ್ತಿದ್ದರು. ಮಗ, ಅಂದರೆ ಲಕ್ಷ್ಮೀದೇವಿಯ ಗಂಡ ನಾಗೇಂದ್ರಪ್ಪ, ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಅದು ನಿಂತಿತು. ಇನ್ನು ನಮ್ಮ ಮನೆಯವರು ಯಾರ ಕಣದ ಅಂಚಿನಲ್ಲೂ ನಿಲ್ಲುವುದಿಲ್ಲ ಎಂದು ಅವರು ಹೇಳಿದ ಮಾತಿಗೆ ಅತ್ತೆ ಎದುರು ಹೇಳಲಿಲ್ಲ. ಪೆಟ್ಟಿಗೆಯನ್ನು ಹೊಳೆಗೆ ಬಿಡಲು ಮಾತ್ರ ಒಪ್ಪಲಿಲ್ಲ. ಸಂಗ್ರಹಾಲಯಕ್ಕೆ ಕೊಡಿ ಎಂದವರು ಲಕ್ಷ್ಮೀದೇವಿ.

"ಕೊಡ್ತೀನವ್ವ. ಆದ್ರೆ ಕತ್ಲಾಗೆ ಹಾಕಿ ಬಾಗ್ಲು ಹಾಕಬ್ಯಾಡ್ರಿ. ನಾಕು ಜನ ನೋಡೋ ಕಡೆ ಇಡ್ರಿ. ನೀನು ಮಾತು ಕೊಡ್ತೀಯೇನು?" ಎಂದು ಅತ್ತೆ ಕೇಳಿದ್ದರು. ಲಕ್ಷ್ಮೀದೇವಿ ಮಾತು ಕೊಟ್ಟಿದ್ದರು.

ಅವರು ಪೆಟ್ಟಿಗೆಗೆ ಕೈ ಮುಗಿಯುವುದಿಲ್ಲ. ಎಲ್ಲ ಗಾಜಿನಂತೆ ಆ ಗಾಜನ್ನೂ ಒರೆಸುತ್ತಾರೆ, ಅಷ್ಟೆ. ಕೈ ಮುಗಿಯುವವರು ಬೇರೆ ಇದ್ದರು. ಮಂಗಳವಾರ, ಶುಕ್ರವಾರ ಸುತ್ತಲ ಹಳ್ಳಿಗಳಿಂದ ಪೇಟೆಗೆ ಬರುವ ಹೆಂಗಸರಲ್ಲಿ ಕೆಲವರು ಟಿಕೆಟ್ ಪಡೆದು ಒಳಬಂದು, ಚಪ್ಪಲಿ ದೂರ ಬಿಟ್ಟು, ಕೂರಿಗೆ ಕೊಳಗ ಯಾವುದನ್ನೂ ನೋಡದೆ ನೇರ ಪೆಟ್ಟಿಗೆಯ ಕಡೆ ನಡೆಯುತ್ತಿದ್ದರು. ಅಮ್ಮನಿಗೆ ನೇರ ಎದುರು ನಿಲ್ಲಬಾರದು, ಅವಳ ನೋಟಕ್ಕೆ ಅಡ್ಡ ಬರಬಾರದು ಎಂಬುದು ಈ ಕಡೆಯ ನಡೆ. ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅವರಲ್ಲಿ ದುರುಗಮ್ಮ ಎಂಬಾಕೆಯ ಬಾಯಿ ದೊಡ್ಡದು. "ಲಕ್ಷ್ಮಕ್ಕ, ಅಮ್ಮಂಗೆ ಗಾಜಿನ ಮನಿ ಕಟ್ಟಿಸೀರಿ, ಫ್ಯಾನ್ ಹಾಕಿಸ್ರಿ ಒಂದು, ಬೆವತಾಳೆ" ಎಂದು ಪ್ರತಿ ಸಲ ಹೇಳುತ್ತಿದ್ದಳು.

ಶಂಕ್ರಮ್ಮ ಈ ಗುಂಪಿನವರಲ್ಲ. ತೋಟವಿರುವ ಲಿಂಗಾಯತ ಮನೆಯ ಹಿರಿಯ ಸೊಸೆ. ಸಂಗ್ರಹಾಲಯದ ಅಧ್ಯಕ್ಷ ವಿರೂಪಾಕ್ಷಪ್ಪನವರಿಗೆ ಅತ್ತಿಗೆ, ಅಣ್ಣನ ಹೆಂಡತಿ. ಆಕೆಯ ತವರು ಜಗಳೂರು ಕಡೆ. ಹುಡುಗಿಯಾಗಿದ್ದಾಗ ಆಕೆಯ ಅಪ್ಪನ ಕಣಕ್ಕೆ ಇದೇ ಪೆಟ್ಟಿಗೆ ಬರುತ್ತಿತ್ತು. ಮೊದಲ ಸಲ ಬಂದು ನೋಡಿದಾಗ ಕಣ್ಣೊರೆಸಿಕೊಂಡು, "ನಮ್ಮಪ್ಪನ ಕಣ ನೋಡಿದಂಗಾತು ಲಕ್ಷ್ಮಿ" ಎಂದಿದ್ದರು. ಆದರೆ ಕೊರಳಲ್ಲಿ ಲಿಂಗ ಇಟ್ಟುಕೊಂಡು ಕೇರಿಯವರ ಪೆಟ್ಟಿಗೆಗೆ ಕೈಮುಗಿದರು ಎಂದು ಮನೆಗೆ ತಿಳಿದರೆ ಮಕ್ಕಳು ಸುಮ್ಮನಿರುವವರಲ್ಲ. ಆಕೆ ಕಣ್ಣಿನ ಆಸ್ಪತ್ರೆಗೆಂದು ಹೇಳಿ ಬರುತ್ತಿದ್ದರು. ಗಂಡಸರು ಬಂದರೆ ಬೀಸುವ ಕಲ್ಲು ನೋಡುವವರಂತೆ ಅತ್ತ ತಿರುಗುತ್ತಿದ್ದರು.

ಪ್ರದೀಪನ ಲ್ಯಾಪ್‌ಟಾಪಿನಲ್ಲಿ ಆ ಮೂಗುಬೊಟ್ಟು ಕಂಡ ಮಾರನೆಯ ವಾರ, ಲಕ್ಷ್ಮೀದೇವಿ ತಾವಾಗಿಯೇ ಒಂದು ಕೆಲಸ ಮಾಡಿದರು. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕಂಪನಿಯವರು ಹಳದಿ ಪಟ್ಟಿಯಿಂದ ಒಂದು ಚೌಕ ಅಂಟಿಸಿದ್ದರು. ಬಿಳಿ ಬೋಗುಣಿಯ ದೃಷ್ಟಿ ಆ ಚೌಕದ ಮೇಲಿತ್ತು. ಕಂಬದ ಆಚೆಗಿನದು ಅದಕ್ಕೆ ಕಾಣದು. ಬಂದ ಹೆಂಗಸರಿಗೆಲ್ಲ, "ಇನ್ನೂ ಪಕ್ಕಕ್ಕೆ ಬರ್ರಿ, ಕಂಬದ ಆಕಡೆ. ಅಲ್ಲಿಂದ ಕನ್ನಡಿ ಚೆನ್ನಾಗಿ ಕಾಣ್ತೈತೆ" ಎಂದರು. ಪಕ್ಕಕ್ಕೆ ನಿಲ್ಲುವುದು ಮೊದಲೇ ರೂಢಿ. ಒಂದು ಹೆಜ್ಜೆ ಹೆಚ್ಚು ಸರಿದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಚಳಿಗಾಲ, ಬೇಸಿಗೆ ಎರಡೂ ಹಾಗೆಯೇ ಕಳೆದವು.

ಮಳೆಗಾಲದ ಆರಂಭದಲ್ಲಿ ಒಂದು ದಿನ ರೂಪಶ್ರೀ ಮೇಡಂ ಅವರನ್ನು ಕಚೇರಿಗೆ ಕರೆದರು. ರೂಪಶ್ರೀ ಸಂಗ್ರಹಾಲಯದ ಉಸ್ತುವಾರಿ. ಚನ್ನಗಿರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರು, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಕಂಪ್ಯೂಟರಿನಲ್ಲಿ ಹಜಾರದ ನಕ್ಷೆ ಇತ್ತು. ಜನ ಹೆಚ್ಚು ನಿಂತ ಕಡೆ ಕೆಂಪು, ಕಡಿಮೆ ನಿಂತ ಕಡೆ ಹಳದಿ, ಯಾರೂ ನಿಲ್ಲದ ಕಡೆ ನೀಲಿ. ಅಡಿಕೆ ಕತ್ತಿಗಳ ಸುತ್ತ ಕೆಂಪು ಕೆಂಡದಂತಿತ್ತು. ಕಂಬದ ಪಕ್ಕದ ಮೂಲೆ ಪೂರ್ತಿ ನೀಲಿ.

"ಬೇಜಾರು ಮಾಡ್ಕೋಬೇಡಿ ಲಕ್ಷ್ಮೀದೇವಮ್ಮ," ರೂಪಶ್ರೀ ಹೇಳಿದರು. "ಪೆಟ್ಟಿಗೆ ನಿಮ್ಮ ಮನೆಯದು ಅಂತ ಮೊದಲು ನಿಮಗೇ ಹೇಳ್ತಿದೀನಿ. ಅದನ್ನ ಯಾರೂ ನೋಡ್ತಿಲ್ಲ ಅಂತ ವರದಿ ಬಂದಿದೆ. ಸ್ಟೋರ್ ರೂಮಿಗೆ ಇಡೋಣ ಅಂತ ಟ್ರಸ್ಟ್‌ನವರು ಹೇಳಿದಾರೆ. ಆ ಜಾಗಕ್ಕೆ ಸೆಲ್ಫಿ ಗೋಡೆ ಬರುತ್ತೆ."

ಸೆಲ್ಫಿ ಗೋಡೆ ಎಂದರೆ ಇನ್ನೊಂದು ಪರದೆ. ಅದರ ಎದುರು ನಿಂತವರನ್ನು ಪೇಟ, ಕತ್ತಿ, ಮೀಸೆಯ ಸಮೇತ ಪಾಳೇಗಾರನನ್ನಾಗಿ ಮಾಡಿ ಫೋಟೋ ಕೊಡುವ ಯಂತ್ರ. ಅದಕ್ಕೂ ಮುಖ ಬೇಕು ಎಂಬುದನ್ನು ಲಕ್ಷ್ಮೀದೇವಿ ಗಮನಿಸಿದರು.

ಸ್ಟೋರ್ ರೂಮು ಗಿರಣಿಯ ಹಿಂಭಾಗದ ತವುಡಿನ ಕೋಣೆ. ಕಿಟಕಿ ಇಲ್ಲ. ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದರು. ಹೈಸ್ಕೂಲಿನಲ್ಲಿ ಅಟೆಂಡರ್ ಆಗಿರುವ ನಾಗೇಂದ್ರಪ್ಪ ರೊಟ್ಟಿ ಮುರಿಯುತ್ತಾ, "ಹೋಗ್ಲಿ ಬಿಡು" ಎಂದರು. "ತಲೀ ಮ್ಯಾಲಿಂದ ಇಳಿಸಾಕೆ ನಮಗೆ ಮೂರು ತಲೆಮಾರು ಬೇಕಾತು. ನೀನು ನೋಡಿದ್ರೆ ಕೋಟು ಹಾಕ್ಕಂಡು ಅದಕ್ಕೆ ಕಾವಲು ನಿಂತೀಯ."

"ನಾನು ಪೆಟ್ಟಿಗಿಗೆ ಕಾವಲು ನಿಂತಿಲ್ಲ. ನಿಮ್ಮವ್ವಗೆ ಕೊಟ್ಟ ಮಾತಿಗೆ ನಿಂತೀನಿ."

"ನಮ್ಮವ್ವಗೆ ಹೇಳ್ಬ್ಯಾಡ ಮತ್ತೆ."

"ದೀಪಾವಳಿಗೆ ಬರ್ತಾರಲ್ಲ, ಆಗೇನು ಕಣ್ಣು ಕಟ್ಟಿ ಕರ್ಕಂಡು ಹೋಗ್ಲಾ?"

ನಾಗೇಂದ್ರಪ್ಪ ಸಾರು ಬಡಿಸಿಕೊಂಡರು. "ಅಲ್ಲಾ, ಅಷ್ಟು ಜನ ಬರ್ತಾರೆ ಅಂತಿದ್ದೆ, ಆ ಮಿಷನ್ನಿಗೆ ಒಬ್ರೂ ಕಾಣ್ಲಿಲ್ವೇನು?" ಎಂದರು. ಲಕ್ಷ್ಮೀದೇವಿ ರೊಟ್ಟಿಯ ಬುಟ್ಟಿಯನ್ನು ಅವರ ಕಡೆ ಸರಿಸಿದರು. ಕಾಣದಂತೆ ಮಾಡಿದ್ದು ಯಾರು ಎಂದು ಅವರಿಗೆ ಗೊತ್ತಿತ್ತು.

ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದು. ಯಂತ್ರಕ್ಕೆ ಮೋಸ ಮಾಡಿದಳು ಎನ್ನುತ್ತಾರೆ. ಹೇಳದಿದ್ದರೆ ತವುಡಿನ ಕೋಣೆಯ ಬಾಗಿಲನ್ನು ತಾವೇ ತೆಗೆದು, ಪೆಟ್ಟಿಗೆಯನ್ನು ಒಳಗಿಟ್ಟು, ತಾವೇ ಬೀಗ ಹಾಕಬೇಕು. ಎರಡು ದಿನ ಹೀಗೇ ಕಳೆಯಿತು. ಶನಿವಾರ ವಿರೂಪಾಕ್ಷಪ್ಪನವರು ಪ್ರದೀಪನ ಜೊತೆ ಜಾಗ ಅಳೆಯಲು ಬಂದರು. ಅಳತೆ ಬರೆದುಕೊಳ್ಳಲು ರೂಪಶ್ರೀಯೂ ಜೊತೆಗಿದ್ದರು. ಅಡಿಕೆ ಮಂಡಿ ನಡೆಸಿದ ಮನುಷ್ಯ, ಬಿಳಿ ಜುಬ್ಬ, ಗಟ್ಟಿ ಗಂಟಲು. ಅಳತೆ ಟೇಪಿನ ಒಂದು ತುದಿ ಹಿಡಿದುಕೊಳ್ಳಿ ಎಂದು ಪ್ರದೀಪ್ ಲಕ್ಷ್ಮೀದೇವಿಯ ಕಡೆ ಚಾಚಿದ. ಅವರು ಹಿಡಿದುಕೊಳ್ಳಲಿಲ್ಲ.

"ಸಾವ್ಕಾರ್ರೆ, ಒಂದು ಮಾತೈತೆ. ಈ ಮೂಲಿಗೆ ಜನ ಬರ್ತಾರೆ. ನಾನೇ ಅವರನ್ನ ಕಂಬದ ಮರೀಗೆ ನಿಲ್ಲಿಸ್ತಿದ್ದೆ. ಕ್ಯಾಮೆರಾಕ್ಕೆ ಕಾಣಬಾರ್ದು ಅಂತ."

ರೂಪಶ್ರೀ ತಲೆಯೆತ್ತಿ ನೋಡಿದರು. ವಿರೂಪಾಕ್ಷಪ್ಪನವರು ಲಕ್ಷ್ಮೀದೇವಿಯ ಕಡೆ ತಿರುಗಿದರು.

"ಯಾಕಮ್ಮಾ?"

"ಮುಖ ಬೀಳ್ತಾವಲ್ರಿ ಅದರಾಗೆ."

"ಬಿದ್ರೇನು? ಕಳ್ಳರೇನು ಅವರು? ಯಾರವರು?"

"ಹೆಣ್ಮಕ್ಳು ಸಾವ್ಕಾರ್ರೆ."

"ಅದೇ, ಯಾವ ಹೆಣ್ಮಕ್ಳು? ಯಾರ ಮನಿಯವರು? ಹೆಸರು ಹೇಳು."

ಲಕ್ಷ್ಮೀದೇವಿ ಅವರ ಮುಖವನ್ನೇ ನೋಡಿದರು. ಆ ಹೆಂಗಸರಲ್ಲಿ ಒಬ್ಬರು ಅಂದು ಬೆಳಿಗ್ಗೆ ಇದೇ ಮನುಷ್ಯನಿಗೆ ಮನೆಯಲ್ಲಿ ತಿಂಡಿ ಬಡಿಸಿರಬೇಕು. "ಬರೋರು ಬರ್ತಾರೆ, ಹೋಗ್ತಾರೆ. ಟಿಕೆಟ್ ತಗಂಡೇ ಬರ್ತಾರೆ. ಹೆಸರು ನಾನು ಕೇಳಿಲ್ಲ."

"ಕೇಳಿಲ್ಲ!" ವಿರೂಪಾಕ್ಷಪ್ಪನವರು ಪ್ರದೀಪನ ಕಡೆ ತಿರುಗಿದರು. "ನೋಡಪ್ಪಾ. ಪೆಟ್ಟಿಗೆ ಇವಳದೇ. ಜನ ಬರ್ತಾರೆ ಅನ್ನೋಳು ಇವಳೇ. ಮಿಷನ್ನಿಗೆ ಕಾಣದಂಗೆ ಮಾಡಿದೋಳೂ ಇವಳೇ. ಯಾರನ್ನ ನಂಬಾನ?" ಅವರ ದನಿಯಲ್ಲಿ ಸಿಟ್ಟಿಗಿಂತ ಅನುಮಾನವೇ ಹೆಚ್ಚಿತ್ತು. ಆ ಅನುಮಾನದಲ್ಲಿ ತಪ್ಪಿಲ್ಲ ಎಂದು ಲಕ್ಷ್ಮೀದೇವಿಗೂ ಅನ್ನಿಸಿತು.

ಮಾತಿಗೆ ದಾರಿ ಮಾಡಿದವರು ರೂಪಶ್ರೀ. "ಸರ್, ಒಂದು ವಾರ ನೋಡೋಣ. ಬರೋರು ಚೌಕದಲ್ಲೇ ನಿಲ್ಲಲಿ. ಕ್ಯಾಮೆರಾನೇ ಹೇಳಲಿ."

"ಆಯ್ತು. ಆದ್ರೆ ಆ ಕಂಬದ ಕಡೆ ಹಗ್ಗ ಕಟ್ಟಿಸ್ರಿ. ಯಾರೂ ಅತ್ಲಾಗೆ ಹೋಗಬಾರ್ದು. ಇನ್ನೊಂದು ಸಲ ಮರೆ ಆಟ ಆಡಿದ್ರೆ ಕೋಟು ಬಿಚ್ಚಿಟ್ಟು ಹೋಗಮ್ಮ ಲಕ್ಷ್ಮೀದೇವಿ, ಹೇಳೀನಿ."

ಸೋಮವಾರ ಸಂಜೆ ಕಂಬದಿಂದ ಗೋಡೆಗೆ ಕೆಂಪು ಹಗ್ಗ ಬಂತು. ಕಟ್ಟಿದ್ದು ಲಕ್ಷ್ಮೀದೇವಿಯೇ. ಶನಿವಾರ ಹೊರಡುವ ಮುನ್ನ ಪ್ರದೀಪ್ ಅವರ ಹತ್ತಿರ ಬಂದು, ನೀಲಿ ಕೋಟು ಹಾಕಿದವರನ್ನು ಯಂತ್ರ ಎಣಿಸುವುದಿಲ್ಲ, ಅದಕ್ಕೆ ಹಾಗೇ ಕಲಿಸಲಾಗಿದೆ ಎಂದು ತಾನಾಗಿ ತಿಳಿಸಿದ್ದ. ಅವನು ಯಾಕೆ ಹೇಳಿದ ಎಂದು ಅವರು ಬಹಳ ಯೋಚಿಸಿದರು. ಚೌಕದಲ್ಲಿ ತಾವೇ ನಿಂತು ಮೋಸ ಮಾಡದಿರಲಿ ಎಂಬ ಎಚ್ಚರಿಕೆಯೋ, ಕೋಟು ತೆಗೆದು ನಿಲ್ಲಬಹುದು ಎಂಬ ಸೂಚನೆಯೋ ತಿಳಿಯಲಿಲ್ಲ. ಕೋಟಿನ ಗುಂಡಿಗಳನ್ನು ಮಾತ್ರ ಅವರು ಆ ವಾರ ಒಮ್ಮೆಯೂ ಬಿಚ್ಚಲಿಲ್ಲ.

ಮಂಗಳವಾರ ಮೊದಲು ಬಂದವಳು ದುರುಗಮ್ಮ, ಹಿಂದೆ ಐದಾರು ಹೆಂಗಸರು. ಹಗ್ಗ ನೋಡಿ ಎಲ್ಲರೂ ನಿಂತರು.

"ಇದೇನು ಲಕ್ಷ್ಮಕ್ಕ, ಅಮ್ಮನ್ನ ಕಟ್ಟಿ ಹಾಕೀರಿ?"

ಲಕ್ಷ್ಮೀದೇವಿ ಇದ್ದದ್ದನ್ನು ಇದ್ದಂತೆ ಹೇಳಿದರು. ಹಳದಿ ಚೌಕದಲ್ಲಿ ನಿಂತರೆ ಪೆಟ್ಟಿಗೆ ಉಳಿಯುತ್ತದೆ. ನಿಂತರೆ ಮೇಲಿನ ಕ್ಯಾಮೆರಾ ನೋಡುತ್ತದೆ. ಅದು ಮುಖ ಇಟ್ಟುಕೊಳ್ಳುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ.

"ನೀನೇನಂತಿ?"

"ನಂಗೆ ನಂಬಿಕಿಲ್ಲ. ಖರೇ ಹೇಳ್ತೀನಿ."

ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ನೇರ ಎದುರು ನಿಲ್ಲಬೇಕಲ್ಲ ಎಂಬುದು ಒಬ್ಬಳ ತಕರಾರು. ಕ್ಯಾಮೆರಾಕ್ಕಿಂತ ಅವಳಿಗೆ ಅದೇ ದೊಡ್ಡ ತಪ್ಪು. "ಅಮ್ಮನ ಕಣ್ಣಿಗೆ ಅಡ್ಡ ನಿಂತು ಮನಿಗೆ ಹೋದ್ರೆ ನಮ್ಮತ್ತಿ ಒಳಗೆ ಬಿಡ್ತಾಳೇನು?"

"ಅಮ್ಮಂಗೆ ನಾನು ಹೇಳ್ಕಂತೀನಿ ಬಾರೆ," ಎಂದಳು ದುರುಗಮ್ಮ. "ಯವ್ವಾ ತಾಯಿ, ನಿನ್ನ ಮನಿ ಉಳಿಸಾಕೆ ನಿಂಗೆ ಅಡ್ಡ ಬಂದೀವಿ, ಹೊಟ್ಟೆಗೆ ಹಾಕ್ಕ. ಆ ಬಿಳಿ ಡಬ್ಬಿಗೆ ಬೇಕಾದ್ರೆ ನೀನೇ ಬಯ್ಯಿ." ಸೆರಗನ್ನು ಹಣೆಯಿಂದ ಗದ್ದದತನಕ ಎಳೆದುಕೊಂಡು ಅವಳು ಚೌಕದೊಳಗೆ ಕಾಲಿಟ್ಟಳು. ಹಿಂದಿದ್ದವರೂ ಸೆರಗು ಎಳೆದುಕೊಂಡರು. ಹಜಾರದ ಆ ತುದಿಯಲ್ಲಿ ಬಣ್ಣಬಣ್ಣದ ಸೆರಗುಗಳ ಗುಂಪು, ಒಂದೂ ಮುಖವಿಲ್ಲ. ಮುಖ ಮುಚ್ಚಿದರೆ ಯಂತ್ರ ಎಣಿಸುತ್ತದೆಯೋ ಇಲ್ಲವೋ ಎಂದು ಲಕ್ಷ್ಮೀದೇವಿಗೆ ಗೊತ್ತಿರಲಿಲ್ಲ. ತೆಗೆಯಿರಿ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಶಂಕ್ರಮ್ಮ ಬಂದದ್ದು ಅವರೆಲ್ಲ ಹೋದ ಮೇಲೆ. ಕೈಯಲ್ಲಿ ಆಸ್ಪತ್ರೆಯ ಚೀಟಿ, ಕಣ್ಣಿಗೆ ಕಪ್ಪು ಕನ್ನಡಕ. ದೂರದಿಂದಲೇ ಹಗ್ಗ ಕಂಡು ಬಾಗಿಲ ಬಳಿ, ಗಿರಿಜಕ್ಕನ ಹತ್ತಿರವೇ ನಿಂತರು. "ನಮಸ್ಕಾರ. ತಾವು ಏನನ್ನು ತಿಳಿಯಬಯಸುತ್ತೀರಿ?" ಎಂದು ಅದು ಕೇಳಿತು. ಶಂಕ್ರಮ್ಮ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು.

ಲಕ್ಷ್ಮೀದೇವಿ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಶನಿವಾರ ನಡೆದದ್ದನ್ನೂ, ಹೆಸರು ಕೇಳಿದವರು ಯಾರೆಂಬುದನ್ನೂ ಬಿಡಲಿಲ್ಲ.

"ನಮ್ಮ ಮೈದುನನಾ?"

"ಹೌದು ಅಮ್ಮಾರೆ. ನಾನು ಹೇಳಿಲ್ಲ."

"ಈಗ ಅದು ಕಂಡಿದ್ದೆಲ್ಲ ಅವನ ಫೋನಿಗೆ ಹೋಗ್ತೈತಾ?"

"ಬಣ್ಣದ ನಕ್ಷೆ ಹೋಗ್ತೈತಂತೆ. ಮುಖ ಹೋಗಲ್ಲ ಅಂತಾರೆ."

"ಅಂತಾರೆ," ಎಂದರು ಶಂಕ್ರಮ್ಮ. ಕನ್ನಡಕ ತೆಗೆದು, ಹಜಾರದ ಉದ್ದಕ್ಕೂ ಪೆಟ್ಟಿಗೆಯಿದ್ದ ಕಡೆ ನೋಡಿದರು. ಅಲ್ಲಿಂದ ಗಾಜಿನ ಹೊಳಪಷ್ಟೇ ಕಾಣುತ್ತದೆ, ಒಳಗಿನ ಮುಖ ಕಾಣದು. "ಸೆರಗು ಮುಚ್ಕಂಡ್ರೂ ನನ್ನ ನಡಿಗೆ ಅವನಿಗೆ ಗೊತ್ತಾಗ್ತೈತೆ ಲಕ್ಷ್ಮಿ. ನಲವತ್ತು ವರ್ಷ ಒಂದೇ ಮನಿಯಾಗೆ ಇದ್ದೀವಿ." ಆಸ್ಪತ್ರೆಯ ಚೀಟಿ ಮಡಿಸುತ್ತಾ, "ನಿಂದೇನೂ ತಪ್ಪಿಲ್ಲ. ಒಳ್ಳೇದೇ ಮಾಡೀಯ. ಅಲ್ಲೇ ಇರ್ಲಿ ಅದು" ಎಂದರು. ಕನ್ನಡಕ ಹಾಕಿಕೊಂಡು, ಟಿಕೆಟ್ ಕೂಡ ಹರಿಸದೆ ಹೊರಗೆ ಹೋದರು.

ಶನಿವಾರ ರೂಪಶ್ರೀ ಕಂಪ್ಯೂಟರಿನ ನಕ್ಷೆಯನ್ನು ತೋರಿಸಿದರು. ಯಂತ್ರ ಸೆರಗುಗಳನ್ನೂ ಎಣಿಸಿತ್ತು. ಕಂಬದ ಪಕ್ಕದ ಮೂಲೆ ನೀಲಿಯಿಂದ ಹಳದಿಗೆ ತಿರುಗಿತ್ತು. ಅಷ್ಟು ಸಾಕೆಂದು ವಿರೂಪಾಕ್ಷಪ್ಪನವರು ಫೋನಿನಲ್ಲಿ ಹೇಳಿದರು. ಪೆಟ್ಟಿಗೆ ಸದ್ಯಕ್ಕೆ ಅಲ್ಲೇ ಇರುತ್ತದೆ, ಹಗ್ಗವೂ ಇರುತ್ತದೆ. ಸೆಲ್ಫಿ ಗೋಡೆಯನ್ನು ಟಿಕೆಟ್ ಕೌಂಟರಿನ ಎದುರು ಹಾಕುತ್ತಾರೆ. ಶಂಕ್ರಮ್ಮ ಮುಂದಿನ ಮಂಗಳವಾರ ಬರಲಿಲ್ಲ, ಆ ಶುಕ್ರವಾರವೂ ಬರಲಿಲ್ಲ.